ಎತ್ತರದ ಹುಡುಗನಿಲ್ಲದ ತಂಡಕ್ಕೆ ಚಿಬಾ ಜೆಟ್ಸ್ ಆಟ: ಬಿಸಿಲೂರಿನ ಸಿಮೆಂಟ್ ಕೋರ್ಟಿನಲ್ಲಿ ಕಲಿಸುವ ಕ್ರಮ

ಕಲಬುರಗಿ, ಯಾದಗಿರಿ, ಬೀದರ್ ಕಡೆಯ ಹೈಸ್ಕೂಲು, ಪಿಯು ಕಾಲೇಜುಗಳ ಬ್ಯಾಸ್ಕೆಟ್‌ಬಾಲ್ ತಂಡ ಕಟ್ಟುವ ದೈಹಿಕ ಶಿಕ್ಷಕರ ಮೊದಲ ಮಾತೇ ಇದು: ಆರಡಿ ದಾಟಿದ ಹುಡುಗ ಸಿಗುವುದಿಲ್ಲ. ಇದ್ದೊಬ್ಬನನ್ನು ವಾಲಿಬಾಲ್‌ನವರು ಆಗಲೇ ಎಳೆದುಕೊಂಡಿರುತ್ತಾರೆ. ಅಂಥ ತಂಡಕ್ಕೆ ಅಮೆರಿಕದ ಎನ್‌ಬಿಎ ಲೀಗಿನ ಡಂಕ್ (ಹಾರಿ ಬಾಲನ್ನು ರಿಂಗಿಗೆ ತುರುಕುವುದು) ತುಣುಕು ತೋರಿಸಿದರೆ ಚಪ್ಪಾಳೆ ಸಿಗುತ್ತದೆ, ಆಟ ಬರುವುದಿಲ್ಲ. ತೋರಿಸಬೇಕಾದ್ದು ಜಪಾನಿನ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗಾದ ಬಿ.ಲೀಗ್, ಅದರಲ್ಲೂ ಟೋಕಿಯೋ ಪಕ್ಕದ ಫುನಾಬಾಶಿ ಊರಿನ ಚಿಬಾ ಜೆಟ್ಸ್.

ಈ ತಂಡದ ಪಾಯಿಂಟ್ ಗಾರ್ಡ್ (ಬಾಲ್ ಮುನ್ನಡೆಸಿ ಆಟ ಕಟ್ಟುವವನು) ಯೂಕಿ ತೊಗಾಶಿಯ ಎತ್ತರ 167 ಸೆಂ.ಮೀ., ಅಂದರೆ ಹತ್ತಿರಹತ್ತಿರ ಐದೂವರೆ ಅಡಿ. ನಿಮ್ಮ ಒಂಬತ್ತನೇ ತರಗತಿಯಲ್ಲೇ ಅವರಿಗಿಂತ ಎತ್ತರದವರು ನಾಲ್ಕಾರು ಜನ ಇರಬಹುದು. 2018-19ರಲ್ಲಿ ಇಡೀ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಅವರಿಗೇ ಬಂತು. 2020-21ರಲ್ಲಿ ತಂಡ ಲೀಗ್ ಗೆದ್ದಿತು, 2022-23ರಲ್ಲಿ 60 ಲೀಗ್ ಪಂದ್ಯಗಳಲ್ಲಿ 53 ಗೆದ್ದಿತು.

ಆದರೆ ಒಂದು ಎಚ್ಚರ. ಜೆಟ್ಸ್ ಪೂರಾ ಕುಳ್ಳರ ತಂಡವಲ್ಲ. 2018-19ರಿಂದ 2025-26ರ ವರೆಗಿನ ಬಿ.ಲೀಗ್ ನಿಯಮದಂತೆ ಒಂದು ತಂಡ ಒಮ್ಮೆಗೆ ಇಬ್ಬರು ವಿದೇಶಿ ಆಟಗಾರರನ್ನು ಕೋರ್ಟಿಗಿಳಿಸಬಹುದಿತ್ತು. ಆ ಇಬ್ಬರು ಸಾಮಾನ್ಯವಾಗಿ ರಿಂಗಿನ ಕೆಳಗೆ ನಿಲ್ಲುವ ದೊಡ್ಡ ಆಳುಗಳೇ. ಹಾಗಾಗಿ ರಿಂಗಿನ ಮೇಲೆ ಎಸೆದು ಹಿಡಿಯುವ ಲಾಬ್ ಪಾಸು, ತೊಗಾಶಿ ಹಿಂದಕ್ಕೆ ಜಿಗಿದು ಹಾಕುವ ದೂರದ ಶಾಟು, ಇವೆರಡನ್ನೂ ಬಿಟ್ಟುಬಿಡಿ. ತೆಗೆದುಕೊಳ್ಳಬೇಕಾದ್ದು ಮೂರು: ರಿಬೌಂಡ್ (ಒಳಗೆ ಬೀಳದೆ ಪುಟಿದು ಬಂದ ಬಾಲ್) ಸಿಕ್ಕ ಕ್ಷಣದ ಓಟ, ಐವರ ನಡುವಿನ ಅಂತರ, ಸ್ಕ್ರೀನ್ ಹಾಕಿ (ಎದುರಾಳಿಯ ದಾರಿಗೆ ಅಡ್ಡ ನಿಂತು) ಇಬ್ಬರು ಆಡುವ ಆಟ. ಮೂರಕ್ಕೂ ಎತ್ತರ ಬೇಕಿಲ್ಲ. ಆದರೆ ಮೂರೂ ಅಳತೆ ಸರಿಯಿಲ್ಲದ ಕೋರ್ಟಿನಲ್ಲಿ ಕೂಡಿಬರುವುದಿಲ್ಲ.

ಪಂದ್ಯ ನೋಡುವ ರೀತಿ

ಬಿ.ಲೀಗ್ ಅಕ್ಟೋಬರ್‌ನಿಂದ ಮೇ ವರೆಗೆ ನಡೆಯುತ್ತದೆ. ಜಪಾನಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ: ಅಲ್ಲಿ ಸಂಜೆ 7.05ಕ್ಕೆ ಶುರುವಾಗುವ ಪಂದ್ಯ ಇಲ್ಲಿ ಮಧ್ಯಾಹ್ನ 3.35ಕ್ಕೆ, ಅಲ್ಲಿ ಮಧ್ಯಾಹ್ನ 3.05ರದು ಇಲ್ಲಿ ಬೆಳಿಗ್ಗೆ 11.35ಕ್ಕೆ. ವಾರಾಂತ್ಯದಲ್ಲಿ ಒಂದೇ ಎದುರಾಳಿಯ ಜೊತೆ ಶನಿವಾರ ಒಂದು, ಭಾನುವಾರ ಇನ್ನೊಂದು ಪಂದ್ಯ ಆಡುವುದು ಈ ಲೀಗಿನ ವಾಡಿಕೆ. ತರಬೇತಿ ಕೊಡುವವರಿಗೆ ಇದು ದೊಡ್ಡ ಅನುಕೂಲ. ಶನಿವಾರ ಎದುರಾಳಿ ತೊಗಾಶಿಯನ್ನು ಹೇಗೆ ಕಟ್ಟಿಹಾಕಿದರು, ಭಾನುವಾರ ಜೆಟ್ಸ್ ಅದನ್ನು ಹೇಗೆ ಬಿಡಿಸಿಕೊಂಡರು ಎಂಬುದು ಪಕ್ಕಪಕ್ಕದಲ್ಲೇ ಕಾಣುತ್ತದೆ. ಜಪಾನಿ ವಿವರಣೆ ತಿಳಿಯದಿದ್ದರೂ ನಷ್ಟವಿಲ್ಲ, ದನಿ ಆರಿಸಿ ನೋಡಿ.

ಹುಡುಗರ ಕಣ್ಣು ಬಾಲಿನ ಹಿಂದೆಯೇ ಓಡುತ್ತದೆ. ಅದನ್ನು ತಪ್ಪಿಸಲು ಒಂದು ಕ್ವಾರ್ಟರಿನ ಹತ್ತು ನಿಮಿಷ ಮಾತ್ರ ತೋರಿಸಿ. ಜೆಟ್ಸ್ ರಿಬೌಂಡ್ ಹಿಡಿದಾಗಲೆಲ್ಲ ಅಲ್ಲೇ ನಿಲ್ಲಿಸಿ ಕೇಳಿ: ಬಾಲ್ ಇಲ್ಲದ ನಾಲ್ವರು ಎಲ್ಲಿದ್ದಾರೆ, ಯಾರ ಮುಖ ಯಾವ ಕಡೆ? ಮತ್ತೆ ಓಡಿಸಿ, ಮೂರು ಎಣಿಸಿ, ಮತ್ತೆ ನಿಲ್ಲಿಸಿ. ಬಾಲ್ ಇನ್ನೂ ಅರ್ಧ ಗೆರೆ (ಕೋರ್ಟಿನ ನಡುಗೆರೆ) ದಾಟುವ ಹೊತ್ತಿಗೆ ಇಬ್ಬರು ಎದುರಿನ ಮೂಲೆಗಳತ್ತ ಬಹುದೂರ ಹೋಗಿರುವುದು ಕಾಣುತ್ತದೆ. ಇಷ್ಟು ಸಾಕು. ಪೂರ್ತಿ ಪಂದ್ಯ ತೋರಿಸಿದರೆ ಎರಡನೇ ಕ್ವಾರ್ಟರಿಗೆ ಮೊಬೈಲು ಹೊರಬರುತ್ತವೆ.

ಮೊದಲು ಕೋರ್ಟ್ ಅಳೆಯಿರಿ

ನಿಮ್ಮ ಕೋರ್ಟಿನ ರಿಂಗ್ ಕೆಳಗಿನ, ಗೆರೆ ಹಾಕಿ ಗುರುತಿಸಿದ ಕೀ ಜಾಗ ಎಂಡ್‌ಲೈನ್ (ರಿಂಗಿನ ಹಿಂದಿನ ಗೆರೆ) ಕಡೆಗೆ ಅಗಲವಾಗುತ್ತ ಹೋಗುವ ಆಕಾರದಲ್ಲಿದ್ದರೆ ಅದು 2010ಕ್ಕಿಂತ ಹಿಂದಿನ ಗುರುತು. ಆಗ ಮೂರು ಅಂಕದ ಗೆರೆ 6.25 ಮೀಟರಿಗೆ ಇತ್ತು, ಈಗ 6.75. ಅರ್ಧ ಮೀಟರ್ ಸಣ್ಣ ವಿಷಯವಲ್ಲ. ಹಳೆಯ ಗೆರೆಯ ಮೇಲೆ ಕಲಿತವನು ಜಿಲ್ಲಾ ಮಟ್ಟದ ಪಂದ್ಯದಲ್ಲಿ ಹಾಕಿದ ಶಾಟೆಲ್ಲ ರಿಂಗಿನ ಮುಂಭಾಗಕ್ಕೇ ಬಡಿಯುತ್ತದೆ, ಯಾಕೆಂದು ಅವನಿಗೂ ತಿಳಿಯುವುದಿಲ್ಲ.

ಗೆರೆ ಹೊಸದಾಗಿ ಹಾಕಲು 30 ಮೀಟರಿನ ಟೇಪು, ಎಳೆದರೆ ಹಿಗ್ಗದ ಸುತ್ತಳಿ, ಚಾಕ್, ಕೊನೆಗೆ ಬಣ್ಣ ಬೇಕು. ಕೋರ್ಟ್ 28 ಮೀಟರ್ ಉದ್ದ, 15 ಮೀಟರ್ ಅಗಲ. ಅಳತೆ ಗೆರೆಗಳ ಒಳ ಅಂಚಿನಿಂದ. ಗೆರೆಯ ದಪ್ಪ 5 ಸೆಂ.ಮೀ. ಎಂಡ್‌ಲೈನಿನ ಒಳ ಅಂಚಿನ ನಡುಮಧ್ಯದಿಂದ ಕೋರ್ಟಿನೊಳಕ್ಕೆ 1.575 ಮೀಟರ್ ಅಳೆದು ಚುಕ್ಕೆ ಇಡಿ. ರಿಂಗಿನ ನಡುವಿನಿಂದ ತೂಗುಗುಂಡು ಇಳಿಬಿಟ್ಟರೆ ಅದು ಇದೇ ಚುಕ್ಕೆಗೆ ಬರಬೇಕು. ಬರದಿದ್ದರೆ ಕಂಬ ವಾಲಿದೆ ಎಂದರ್ಥ. ಚುಕ್ಕೆಯ ಮೇಲೆ ಸುತ್ತಳಿಯ ಒಂದು ತುದಿ ಹಿಡಿದು 6.75 ಮೀಟರಿಗೆ ಕಮಾನು ಎಳೆಯಿರಿ. ಅದು ಗೆರೆಯ ಹೊರ ಅಂಚು. ಎರಡೂ ಬದಿಯಲ್ಲಿ ಸೈಡ್‌ಲೈನಿನಿಂದ 0.90 ಮೀಟರ್ ಒಳಗೆ ನೇರ ಗೆರೆ ಹಾಕಿದರೆ, ಎಂಡ್‌ಲೈನಿನಿಂದ 2.99 ಮೀಟರಿನಲ್ಲಿ ಅದು ಕಮಾನಿಗೆ ಕೂಡುತ್ತದೆ. ಕೂಡದಿದ್ದರೆ ಸುತ್ತಳಿ ಹಿಗ್ಗಿದೆ ಅಥವಾ ಚುಕ್ಕೆ ಜರುಗಿದೆ. ಕೀ ಈಗ 4.90 ಮೀಟರ್ ಅಗಲ, 5.80 ಮೀಟರ್ ಉದ್ದದ ಆಯತ.

ರಿಂಗಿನ ಮೇಲಂಚು ನೆಲದಿಂದ 3.05 ಮೀಟರ್ ಇರಬೇಕು. ನಮ್ಮ ಭಾಗದಲ್ಲಿ ಇದು ಕೆಡುವುದಕ್ಕೆ ಕಾರಣ ಹುಡುಗರು ಜೋತಾಡುವುದು ಅರ್ಧ, ಎರೆಮಣ್ಣು ಅರ್ಧ. ಕಲಬುರಗಿ, ಯಾದಗಿರಿಯ ಕರಿ ಎರೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಕಂಬದ ತಳಪಾಯ ಎರೆಯಲ್ಲೇ ನಿಂತಿದ್ದರೆ ವರ್ಷ ವರ್ಷ ಅದು ಜರುಗುತ್ತದೆ, ಕೋರ್ಟಿನ ಕಾಂಕ್ರೀಟೂ ಸೀಳುತ್ತದೆ. ಹೊಸ ಕಂಬ ನೆಡಿಸುವಾಗ ಎರೆ ಮುಗಿದು ಮುರುಮು ಸಿಗುವವರೆಗೆ ಅಗೆಯಲು ಗೌಂಡಿಗೆ ಹೇಳಿ, ತಗ್ಗನ್ನು ಮತ್ತೆ ಎರೆಯಿಂದ ತುಂಬಿಸಬೇಡಿ. ಬೀದರ್ ಕೋಟೆ ಸುತ್ತಲಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಈ ತೊಂದರೆ ಇಲ್ಲ. ವರ್ಷಕ್ಕೆ ಎರಡು ಸಲ, ಜೂನ್ ಮಳೆಗೆ ಮುಂಚೆ ಮತ್ತು ದೀಪಾವಳಿ ಆದಮೇಲೆ, ರಿಂಗಿನ ಎತ್ತರ ಅಳೆಯಿರಿ, ರಿಂಗಿನ ಮೇಲೆ ಗೌಂಡಿಯ ಲೆವೆಲ್ ಪಟ್ಟಿಯನ್ನು ಅಡ್ಡ ಉದ್ದ ಎರಡೂ ಇಟ್ಟು ನೋಡಿ. ಮುಂದಕ್ಕೆ ಬಾಗಿದ ರಿಂಗ್ ಕಲಿಯುವವರಿಗೆ ಮೋಸ ಮಾಡುತ್ತದೆ: ಅಲ್ಲಿ ಬೀಳುವ ಚಪ್ಪಟೆ ಶಾಟು ಬೇರೆ ಕಡೆ ಬೀಳುವುದಿಲ್ಲ.

ಶಹಾಬಾದ್ ಫರಸಿ ಹಾಸಿದ ಅಂಗಳದಲ್ಲಿ ಕೋರ್ಟ್ ಗುರುತು ಹಾಕಿಕೊಂಡವರಿದ್ದಾರೆ. ಡ್ರಿಬಲ್‌ಗೆ ಪರವಾಗಿಲ್ಲ, ಓಟದ ಆಟಕ್ಕೆ ಬೇಡ. ಬೆವರು ಅಥವಾ ಇಬ್ಬನಿ ಬಿದ್ದರೆ ನುಣುಪು ಕಲ್ಲಿನ ಮೇಲೆ ಕಾಲು ನಿಲ್ಲುವುದಿಲ್ಲ, ಬಾಲ್ ಸಂದಿಗೆ ತಾಗಿ ಎತ್ತಲೋ ಹೋಗುತ್ತದೆ.

ಬಾಲ್ ಹುಡುಗರಿಗೆ 7ನೇ ಸೈಜು, ಹುಡುಗಿಯರಿಗೆ 6ನೇ ಸೈಜು. ಸಿಮೆಂಟಿಗೆ ರಬ್ಬರ್ ಬಾಲೇ ಸರಿ. ಒಳಾಂಗಣದ ದುಬಾರಿ ಬಾಲನ್ನು ಇಲ್ಲಿ ಆಡಿಸಿದರೆ ಬೇಗ ಬೋಳಾಗುತ್ತದೆ. ಗಾಳಿ ನೋಡಲು ತಳಭಾಗ 1.8 ಮೀಟರ್ ಎತ್ತರಕ್ಕೆ ಬರುವಂತೆ ಹಿಡಿದು ಬಿಡಿ. ಪುಟಿದಾಗ ಬಾಲಿನ ಮೇಲ್ತುದಿ 1.2ರಿಂದ 1.4 ಮೀಟರ್ ಒಳಗೆ ಬರಬೇಕು. ಏಪ್ರಿಲ್ ಮಧ್ಯಾಹ್ನ ಗಾಳಿ ತುಂಬಿದ ಬಾಲ್ ಮರುದಿನ ಬೆಳಿಗ್ಗೆ ಮೆತ್ತಗಿರುತ್ತದೆ, ಬೆಳಿಗ್ಗೆ ತುಂಬಿಸಿ ಬಿಸಿಲಿಗೆ ಬಿಟ್ಟದ್ದು ಕಲ್ಲಾಗುತ್ತದೆ. ಆಡುವ ಹೊತ್ತಿನಲ್ಲೇ ತುಂಬಿಸಿ, ಸೂಜಿಯನ್ನು ಒದ್ದೆ ಮಾಡಿ ಹಾಕಿ. ಒಣ ಸೂಜಿ ವಾಲ್ವ್ ಹರಿದರೆ ಬಾಲ್ ಮುಗಿಯಿತು.

ರಿಬೌಂಡ್‌ನಿಂದ ಓಟ

ಜೆಟ್ಸ್ ಆಟದಲ್ಲಿ ನಿಮ್ಮ ತಂಡಕ್ಕೆ ಬೇಗ ದಕ್ಕುವುದು ಇದು. ಎತ್ತರದ ಎದುರಾಳಿ ರಿಂಗಿನ ಕೆಳಗೆ ಬಂದು ನೆಲೆ ನಿಲ್ಲುವ ಮುಂಚೆ ಶಾಟ್ ತೆಗೆಯುವುದೇ ಗುರಿ. ನಿಯಮ 24 ಸೆಕೆಂಡ್ ಕೊಡುತ್ತದೆ, ನೀವು ಮೊದಲ ಎಂಟರೊಳಗೆ ಮುಗಿಸಲು ನೋಡಬೇಕು. ಕ್ರಮ ಹೀಗೆ:

1. ರಿಬೌಂಡ್ ಹಿಡಿದವನು ಬಾಲನ್ನು ಗದ್ದದ ಕೆಳಗೆ, ಮೊಣಕೈ ಹೊರಗೆ ಚಾಚಿ ಹಿಡಿಯುತ್ತಾನೆ, ಸೈಡ್‌ಲೈನ್ ಕಡೆಗೇ ತಿರುಗುತ್ತಾನೆ. ಒಂದು ಡ್ರಿಬಲ್ ಕೂಡ ಇಲ್ಲ.
2. ಗಾರ್ಡ್ ಅದೇ ಬದಿಯ ಸೈಡ್‌ಲೈನಿನ ಹತ್ತಿರ, ಫ್ರೀ ಥ್ರೋ ಗೆರೆಯ (ಕೀಯ ಮುಂದಿನ ಗೆರೆ) ನೇರದಲ್ಲಿ, ಬೆನ್ನು ಸೈಡ್‌ಲೈನಿಗೆ ಮಾಡಿ ನಿಲ್ಲುತ್ತಾನೆ. ಹೀಗೆ ನಿಂತರೆ ಬಾಲೂ ಕಾಣುತ್ತದೆ, ಮುಂದಿನ ಕೋರ್ಟೂ ಕಾಣುತ್ತದೆ.
3. ಇಬ್ಬರು ವಿಂಗ್ ಆಟಗಾರರು (ಎಡ ಬಲ ಬದಿಯಲ್ಲಿ ಆಡುವವರು) ಮೊದಲು ಸೈಡ್‌ಲೈನ್ ಕಡೆ ಅಗಲವಾಗಿ ಹೋಗಿ, ಆಮೇಲೆ ನೇರ ಎದುರಿನ ಮೂಲೆಗೆ ಓಡುತ್ತಾರೆ. ಅರ್ಧ ಗೆರೆ ದಾಟುವವರೆಗೆ ಹಿಂತಿರುಗಿ ನೋಡುವಂತಿಲ್ಲ.
4. ರಿಬೌಂಡ್ ಹಿಡಿಯದ ದೊಡ್ಡ ಆಟಗಾರ ನೇರ ರಿಂಗಿಗೆ. ಹಿಡಿದವನು ಕೊನೆಗೆ ಬಂದು ಕಮಾನಿನ ತಲೆಯ ಹತ್ತಿರ ನಿಲ್ಲುತ್ತಾನೆ.

ಕೆಡುವುದು ಯಾವಾಗಲೂ ಎರಡನೇ ಹೆಜ್ಜೆಯಲ್ಲಿ. ಗಾರ್ಡ್‌ಗೆ ತಾಳ್ಮೆ ಇರುವುದಿಲ್ಲ, "ಕೊಡಲೇ ಕೊಡಲೇ" ಎಂದು ರಿಂಗಿನ ಕೆಳಗೇ ಬಂದು ಬಾಲ್ ಕಸಿಯುತ್ತಾನೆ. ಅಲ್ಲಿಂದ ಅವನು ಮೂವರ ನಡುವೆ ಡ್ರಿಬಲ್ ಮಾಡಿ ಹೊರಬರುವಷ್ಟರಲ್ಲಿ ಎದುರಾಳಿ ಪೂರಾ ಹಿಂದೆ ಹೋಗಿರುತ್ತದೆ. ನಿಲ್ಲುವ ಜಾಗಕ್ಕೆ ಚಾಕಿನಿಂದ ಚೌಕ ಹಾಕಿ. ಅದರ ಹೊರಗೆ ಬಾಲ್ ಮುಟ್ಟಿದರೆ ಆ ಸರದಿ ರದ್ದು ಮಾಡಿ. ಇನ್ನೊಂದು ದೋಷ, ವಿಂಗ್ ಆಟಗಾರರು ಬಾಲಿನ ಆಸೆಗೆ ನಡುವಿಗೆ ಸೊಟ್ಟಗೆ ಓಡುವುದು. ಆಗ ಒಬ್ಬ ಡಿಫೆಂಡರ್ ಇಬ್ಬರನ್ನೂ ನೋಡಿಕೊಳ್ಳುತ್ತಾನೆ.

ಅಭ್ಯಾಸಕ್ಕೆ ಮೊದಲ ವಾರ ಎದುರಾಳಿ ಇಲ್ಲದೆ ಐವರೇ: ಬೋರ್ಡಿಗೆ ಬಾಲ್ ಎಸೆದು ರಿಬೌಂಡ್, ಓಟ, ಲೇಅಪ್ (ರಿಂಗಿನ ಹತ್ತಿರ ಓಡಿ ಬಂದು ಹಾಕುವ ಶಾಟು). ಒಂದು ಸರದಿಗೆ ಹೋಗಿ ಬರುವುದು ಎರಡು ಸಲ, ಆಮೇಲೆ ಮುಂದಿನ ಐವರು. ಹತ್ತು ನಿಮಿಷ ಸಾಕು. ಎರಡನೇ ವಾರ ಇಬ್ಬರು ಡಿಫೆಂಡರ್, ಮೂರನೇ ವಾರ ಮೂವರು. ವಾಚ್ ಹಿಡಿದು ರಿಬೌಂಡ್‌ನಿಂದ ಬಾಲ್ ಅರ್ಧ ಗೆರೆ ದಾಟುವವರೆಗೆ ಎಣಿಸಿ. ಮೂರು ಸೆಕೆಂಡಿಗಿಂತ ಹೆಚ್ಚಾದರೆ ಕಾಲು ನಿಧಾನವಲ್ಲ, ಮೊದಲ ಪಾಸ್ ತಡ. ಹುಡುಗರನ್ನು ಇನ್ನಷ್ಟು ಓಡಿಸಿ ಪ್ರಯೋಜನವಿಲ್ಲ, ಪಾಸ್ ತಿದ್ದಿ.

ಐವರ ನಡುವಿನ ಅಂತರ

ಓಟದಿಂದ ಶಾಟ್ ಸಿಗದಿದ್ದಾಗ ಐವರೂ ಕಮಾನಿನ ಹೊರಗೇ ನಿಲ್ಲಲಿ. 2023ರ ವಿಶ್ವಕಪ್‌ನಲ್ಲಿ ಜಪಾನ್ ರಾಷ್ಟ್ರೀಯ ತಂಡ ಇದೇ ಬಗೆಯ ಆಟ ಆಡಿತು. ಓಕಿನಾವಾದಲ್ಲಿ 18 ಅಂಕ ಹಿಂದಿದ್ದು ಫಿನ್‌ಲ್ಯಾಂಡನ್ನು 98-88ರಿಂದ ಸೋಲಿಸಿದ ಪಂದ್ಯದಲ್ಲಿ 172 ಸೆಂ.ಮೀ. ಎತ್ತರದ ಯೂಕಿ ಕವಾಮುರಾ 25 ಅಂಕ ಹೊಡೆದರು. ಮಿಕ್ಕವರು ಹೊರಗೆ ಹರಡಿದ್ದರಿಂದಲೇ ಅವರಿಗೆ ಒಳಗೆ ನುಗ್ಗಲು ದಾರಿ ಸಿಕ್ಕಿತು.

ಕಮಾನಿನಿಂದ ಒಂದು ಹೆಜ್ಜೆ ಹೊರಗೆ ಐದು ಗುರುತು ಹಾಕಿ: ನಡುವೆ ಒಂದು, ಎಡ ಬಲ ವಿಂಗ್ ಎರಡು, ಮೂಲೆಗಳು ಎರಡು. ಅಕ್ಕಪಕ್ಕದವರ ನಡುವೆ ನಾಲ್ಕೂವರೆ ಮೀಟರಿಗೆ ಕಡಿಮೆ ಆಗಬಾರದು. ಕಡಿಮೆ ಆದರೆ ಒಬ್ಬ ಡಿಫೆಂಡರ್ ಒಂದೇ ಹೆಜ್ಜೆಯಲ್ಲಿ ಇಬ್ಬರ ನಡುವಿನ ಪಾಸ್ ತಡೆಯುತ್ತಾನೆ. ನಿಯಮ ಎರಡೇ: ಪಾಸ್ ಕೊಟ್ಟವನು ರಿಂಗಿಗೆ ಓಡಿ ಖಾಲಿ ಮೂಲೆಗೆ ಹೊರಬರಬೇಕು, ಅವನು ಬಿಟ್ಟ ಜಾಗಕ್ಕೆ ಪಕ್ಕದವನು ಜರುಗಬೇಕು. ಮೊದಮೊದಲು ಡ್ರಿಬಲ್ ನಿಷೇಧಿಸಿ ಆಡಿಸಿ. ಆರು ಪಾಸಿನೊಳಗೆ ಇಬ್ಬರು ಒಂದೇ ಗುರುತಿನ ಮೇಲೆ ನಿಂತಿರುತ್ತಾರೆ. ಅಲ್ಲೇ ಸೀಟಿ ಊದಿ, ಎಲ್ಲರನ್ನೂ ನಿಂತಲ್ಲೇ ನಿಲ್ಲಿಸಿ, ಖಾಲಿ ಬಿದ್ದ ಗುರುತು ಯಾವುದೆಂದು ಅವರಿಂದಲೇ ಹೇಳಿಸಿ.

ಸ್ಕ್ರೀನ್ ಹಾಕಿ ಇಬ್ಬರ ಆಟ

ತೊಗಾಶಿಯ ಬಾಳುವೆ ನಡೆಯುವುದು ಇದರ ಮೇಲೆ. ಕಲಿಸಲು ಹೆಚ್ಚು ಹೊತ್ತು ಬೇಡುವುದೂ ಇದೇ, ಅವಸರ ಮಾಡಬೇಡಿ.

ಸ್ಕ್ರೀನ್ ಹಾಕುವವನು ಓಡಿ ಬಂದು, ಎರಡೂ ಪಾದ ಭುಜಕ್ಕಿಂತ ಅಗಲ ಊರಿ, ಕೈಯನ್ನು ಎದೆಗೆ ಕಟ್ಟಿ, ಡಿಫೆಂಡರ್‌ನ ಸೊಂಟದ ಪಕ್ಕ ಗಟ್ಟಿಯಾಗಿ ನಿಲ್ಲಬೇಕು. ಅವನು ಪೂರಾ ನಿಂತ ಮೇಲೆಯೇ ಗಾರ್ಡ್ ಹೊರಡಬೇಕು. ನಮ್ಮ ಹುಡುಗರು ಸ್ಕ್ರೀನ್ ಇನ್ನೂ ಬರುತ್ತಿರುವಾಗಲೇ ಹೊರಡುತ್ತಾರೆ, ಸ್ಕ್ರೀನ್‌ನವನು ಜರುಗುತ್ತ ಡಿಕ್ಕಿ ಹೊಡೆಯುತ್ತಾನೆ, ಅಂಪೈರ್ ಫೌಲ್ ಕೊಡುತ್ತಾರೆ, ಆಮೇಲೆ ಅಂಪೈರ್ ಮೇಲೆ ಸಿಟ್ಟು. ಗಾರ್ಡ್ ಬಾಯಲ್ಲಿ "ಒಂದು, ಎರಡು" ಎಣಿಸಿ ಹೊರಡಲಿ. ಹೋಗುವಾಗ ಅವನ ಭುಜ ಸ್ಕ್ರೀನ್‌ನವನ ಸೊಂಟಕ್ಕೆ ಸವರಿ ಹೋಗಬೇಕು. ನಡುವೆ ಒಂದು ಅಡಿ ಸಂದಿ ಬಿಟ್ಟರೂ ಡಿಫೆಂಡರ್ ಅಲ್ಲೇ ತೂರುತ್ತಾನೆ.

ಮುಂದಿನದು ಗಾರ್ಡ್‌ನ ಕಣ್ಣಿನ ಕೆಲಸ. ತನ್ನ ಡಿಫೆಂಡರ್ ಸ್ಕ್ರೀನ್‌ನ ಹಿಂದಿನಿಂದ ಸುತ್ತಿ ಬಂದರೆ ಅಲ್ಲೇ ನಿಂತು ಶಾಟ್. ಮುಂದಿನಿಂದ ಬೆನ್ನಟ್ಟಿದರೆ ಒಳಗೆ ನುಗ್ಗಬೇಕು. ಇಬ್ಬರು ಡಿಫೆಂಡರ್‌ಗಳೂ ಮೇಲೆ ಬಿದ್ದರೆ ಸ್ಕ್ರೀನ್ ಹಾಕಿದವನು ರಿಂಗಿನತ್ತ ತಿರುಗಿ ಕೈ ಚಾಚಿರುತ್ತಾನೆ, ಅವನಿಗೆ ನೆಲಕ್ಕೆ ಪುಟಿಸಿ ಪಾಸ್. ಒಳಗೆ ನುಗ್ಗಿದಾಗ ದೊಡ್ಡ ಡಿಫೆಂಡರ್ ರಿಂಗಿನ ಕೆಳಗೇ ಕೈಯೆತ್ತಿ ಕಾಯುತ್ತಿದ್ದರೆ ಫ್ಲೋಟರ್.

ಫ್ಲೋಟರ್ ಕಲಿಸದೆ ಕುಳ್ಳ ಗಾರ್ಡನ್ನು ಪಂದ್ಯಕ್ಕಿಳಿಸುವುದು ಅನ್ಯಾಯ. ರಿಂಗಿನಿಂದ ಮೂರು ಮೀಟರ್ ದೂರದಲ್ಲಿ, ಒಂದೇ ಕಾಲಿನಿಂದ ಎದ್ದು, ಮಣಿಕಟ್ಟು ಜೋರಾಗಿ ಮುರಿಯದೆ, ಅಂಗೈಯಿಂದ ಮೇಲಕ್ಕೆ ತೂರಿಬಿಡುವ ಶಾಟು ಅದು. ಬಾಲ್ ಮೇಲೇರಿ ಹೆಚ್ಚುಕಡಿಮೆ ನೇರ ಇಳಿಯಬೇಕು. ಅಭ್ಯಾಸದಲ್ಲಿ ರಿಂಗಿನ ಮುಂದೆ ಎರಡು ಮೀಟರಿಗೆ ಒಬ್ಬ ಹುಡುಗ ಪೊರಕೆಯನ್ನು ಎತ್ತಿ ಹಿಡಿದು ನಿಲ್ಲಲಿ, ಬಾಲ್ ಅದರ ಮೇಲಿಂದ ಹೋಗಬೇಕು. ದಿನಕ್ಕೆ ಬಲಗೈಯಿಂದ 20, ಎಡಗೈಯಿಂದ 20. ಮುಂದಕ್ಕೆ ಹಾರಿ ಡಿಫೆಂಡರ್‌ಗೆ ಗುದ್ದಿದರೆ ಫೌಲ್ ನಿಮ್ಮದೇ, ಜಿಗಿತ ಮೇಲಕ್ಕಿರಲಿ.

ಡಿಫೆನ್ಸ್ ಬಗ್ಗೆ ಒಂದೇ ಮಾತು: ರಿಬೌಂಡ್‌ಗೆ ಹಾರುವ ಮುಂಚೆ ಎದುರಾಳಿಗೆ ಬೆನ್ನು ಕೊಟ್ಟು, ಮಂಡಿ ಬಗ್ಗಿಸಿ, ಅವನ ತೊಡೆಯ ಮೇಲೆ ಕೂತಂತೆ ತಡೆಯಿರಿ. ಐವರೂ ಹೀಗೆ ಮಾಡಿ ಬಾಲ್ ನೆಲಕ್ಕೆ ಬಿದ್ದರೂ ನಿಮಗೇ ಸಿಗುತ್ತದೆ. ಮಾತು ಮನೆ ಭಾಷೆಯಲ್ಲೇ ಇರಲಿ. "ಸ್ಕ್ರೀನ್ ಎಡಕ್ಕ ಬಂತು", "ಬಾಲ್ ನಂದು", "ಹಿಂದ ನೋಡು" ಎಂದು ಕೂಗುವವನು ಪುಸ್ತಕದ ಇಂಗ್ಲಿಷ್ ನೆನಪಿಸಿಕೊಳ್ಳುವವನಿಗಿಂತ ಅರ್ಧ ಸೆಕೆಂಡ್ ಮುಂದಿರುತ್ತಾನೆ.

ಬಿಸಿಲು, ಧೂಳು, ನೀರು

ಜೆಟ್ಸ್ ಆಡುವುದು 2024ರಲ್ಲಿ ತೆರೆದ, ಸುಮಾರು ಹತ್ತು ಸಾವಿರ ಜನ ಹಿಡಿಸುವ ಲಾಲಾ ಅರೀನಾದ ಮರದ ನೆಲದ ಮೇಲೆ, ಛಾವಣಿಯ ಕೆಳಗೆ. ಇಲ್ಲಿ ಮಾರ್ಚ್‌ನಿಂದ ಜೂನ್ ಮಳೆ ಬೀಳುವವರೆಗೆ ಬೆಳಿಗ್ಗೆ 6ರಿಂದ 7.30ರ ಒಳಗೆ ಅಭ್ಯಾಸ ಮುಗಿಸಿ. ಸಂಜೆ ಸೂರ್ಯ ಮುಳುಗಿದ ಮೇಲೂ ಸಿಮೆಂಟ್ ಒಂದೆರಡು ಗಂಟೆ ಕಾವು ಬಿಡುತ್ತಿರುತ್ತದೆ. ಗಾಳಿ ತಂಪಾಯಿತೆಂದು ನಂಬಿ ಓಟ ಕೊಡಿಸಬೇಡಿ. ಬೀದರ್ ಎತ್ತರದಲ್ಲಿರುವುದರಿಂದ ಸ್ವಲ್ಪ ಸುಲಭ, ಆದರೆ ಡಿಸೆಂಬರ್ ಬೆಳಿಗ್ಗೆ ಅಲ್ಲಿ ಇಬ್ಬನಿ ಜಾರಿಸುತ್ತದೆ. ಒಣ ಗೋಣಿಚೀಲ ಎಳೆದು ನೆಲ ಒರೆಸಿ. ಬೇಸಿಗೆಯಲ್ಲಿ ಧೂಳಿಗೆ ಮೊದಲು ಪೊರಕೆ, ಆಮೇಲೆ ಹಿಂಡಿದ ಒದ್ದೆ ಗೋಣಿ. ನೀರು ಚೆಲ್ಲಿದರೆ ಎರೆಧೂಳು ಕೆಸರಾಗಿ ಬೂಟಿಗೆ ಅಂಟುತ್ತದೆ.

ಪ್ರತಿ 15 ನಿಮಿಷಕ್ಕೆ ನೀರು, ಕೇಳಲಿ ಬಿಡಲಿ. ಒಂದು ಲೀಟರ್ ನೀರಿಗೆ ಮಟ್ಟಸ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿದ್ದು ಒಂದು ಬಕೆಟ್ ಇಡಿ. ಉಪ್ಪು ಹಾಕಿದ ಮಜ್ಜಿಗೆ ಅಭ್ಯಾಸ ಮುಗಿದ ಮೇಲೆ ಒಳ್ಳೆಯದು, ನಡುವೆ ಕೊಟ್ಟರೆ ಓಟದಲ್ಲಿ ಹೊಟ್ಟೆ ಕುಲುಕುತ್ತದೆ. ಹುಡುಗ ತೊದಲಿದರೆ, ಗೊಂದಲದ ಮಾತಾಡಿದರೆ, ತೂರಾಡಿದರೆ ಅದು ಬರೀ ಸುಸ್ತಲ್ಲ: ನೆರಳಿಗೆ ಒಯ್ದು, ಅಂಗಿ ಬಿಚ್ಚಿ, ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಲೇ ಆಸ್ಪತ್ರೆಗೆ ಗಾಡಿ ಕರೆಸಿ. ಎಚ್ಚರ ಸರಿಯಿಲ್ಲದವನ ಬಾಯಿಗೆ ನೀರು ಹಾಕಬೇಡಿ.

ಯಾರು ದೂರದಿಂದ ಹಾಕಬೇಕು

ಜೆಟ್ಸ್ ನೋಡಿದ ಹುಡುಗರೆಲ್ಲ ಮರುದಿನ ಕಮಾನಿನ ಹೊರಗಿನಿಂದಲೇ ಎಸೆಯಲು ಶುರು ಮಾಡುತ್ತಾರೆ. ತಡೆಯಲು ಬೈಯಬೇಡಿ, ಲೆಕ್ಕ ತೋರಿಸಿ. ಪ್ರತಿಯೊಬ್ಬನಿಂದ ಐದು ಗುರುತಿನಿಂದ ಹತ್ತತ್ತು, ಒಟ್ಟು 50 ಶಾಟ್ ಹಾಕಿಸಿ ಬರೆದಿಡಿ. ಓಟದ ಅಭ್ಯಾಸ ಮುಗಿದು ದಣಿದಿರುವಾಗ ಹಾಕಿಸಿ, ಮುಂಚೆ ಅಲ್ಲ. ನೂರಕ್ಕೆ 30 ಬಿದ್ದರೆ ಒಂದು ಶಾಟಿಗೆ 0.9 ಅಂಕ, ಎರಡಂಕದ ಶಾಟು ಇದಕ್ಕೆ ಸಮ ಬರಲು ನೂರಕ್ಕೆ 45 ಬೀಳಬೇಕು. ಡಿಫೆಂಡರ್ ಇಲ್ಲದೆ 50ರಲ್ಲಿ 20 ಹಾಕುವವನಿಗೆ ಪಂದ್ಯದಲ್ಲಿ ದೂರದ ಶಾಟಿಗೆ ಅನುಮತಿ ಕೊಡಿ, 15ರಿಂದ 19 ಹಾಕುವವನಿಗೆ ಮೂಲೆಯಿಂದ ಮಾತ್ರ. ಅಲ್ಲಿ ದೂರ 6.60 ಮೀಟರ್, 15 ಸೆಂ.ಮೀ. ಕಡಿಮೆ. ಅದಕ್ಕೂ ಕೆಳಗಿರುವವನು ಕಮಾನಿನ ಹೊರಗೆ ನಿಲ್ಲಲಿ, ಬಾಲ್ ಬಂದರೆ ಪಾಸ್ ಕೊಟ್ಟು ರಿಂಗಿಗೆ ಓಡಲಿ. ಪಟ್ಟಿಯನ್ನು ಕ್ರೀಡಾ ಕೊಠಡಿಯ ಬಾಗಿಲಿಗೆ ಅಂಟಿಸಿ, ತಿಂಗಳಿಗೊಮ್ಮೆ ಮತ್ತೆ ಹಾಕಿಸಿ ಬದಲಿಸಿ.